ಹೊಸ್ತಿಲ ಹೊರಗಿನ ಚಪ್ಪಲಿ

ತೋಂಗ್ ಸಾಲಾ ಬಂದರಿನಲ್ಲಿ ಫೆರಿಗೆ ಕಾಯುತ್ತಾ ಬರೆಯುತ್ತಿದ್ದೇನೆ. ಈ ಥಾಯ್ ದ್ವೀಪದ ಕೊಲ್ಲಿಯಲ್ಲಿ ನೀರು ಇಳಿದು, ಮೀನುದೋಣಿಗಳು ಮರಳಿನ ಮೇಲೆ ಮಗ್ಗುಲಾಗಿ ಮಲಗಿವೆ. ಟಿಕೆಟ್ ಕೊಡುವ ಪುಟ್ಟ ಕಚೇರಿಯ ಹೊಸ್ತಿಲ ಹೊರಗೆ, ನಮ್ಮ ಮನೆ ಹತ್ತಿರದ ಅರೋರಾದ ಬಾಲಾಜಿ ಗುಡಿಯಲ್ಲಿ ಶನಿವಾರ ಕಾಣುವಷ್ಟು ಚಪ್ಪಲಿ.

ನನ್ನ ಹನ್ನೊಂದು ವರ್ಷದ ಮಗಳು ಅನಘಾ ಅಲ್ಲೇ ನಿಂತುಬಿಟ್ಟಳು. ಪ್ಲೇನ್‌ಫೀಲ್ಡಿನ ನಮ್ಮ ಮನೆಗೆ ಅವಳ ಅಮೆರಿಕನ್ ಗೆಳತಿಯರು ಬಂದರೆ ನಾನು ಬಾಗಿಲಲ್ಲೇ ಶೂ ಬಿಚ್ಚಿಸುತ್ತೇನೆ. ಆ ನಾಚಿಕೆಗೆ ಅವಳು ಯಾರನ್ನೂ ಕರೆಯುವುದನ್ನೇ ನಿಲ್ಲಿಸಿದ್ದಳು.

"ಈವನ್ ಇನ್ ಆನ್ ಆಫೀಸ್?" ಎಂದಳು.

"ನೋಡ್ಕೋ, ನಾನೊಬ್ಳೇ ಹುಚ್ಚಿ ಅಲ್ಲ," ಎಂದೆ.

ಅವಳು ಸ್ಯಾಂಡಲ್ ಬಿಚ್ಚಿ ಒಳಗೆ ಬಂದಳು. ಟಿಕೆಟ್ ಬರೆಯುತ್ತಿದ್ದ ಹೆಂಗಸು ಅವಳ ಬರಿಗಾಲು ನೋಡಿ ನಕ್ಕು, ಬೆರಳುದ್ದದ ಬಾಳೆಹಣ್ಣೊಂದನ್ನು ಕೈಗಿಟ್ಟಳು.

ಅಷ್ಟರಲ್ಲಿ ಡೆಟ್ರಾಯಿಟ್ ಎಂದು ಬರೆದ ಟೋಪಿಯ ಆರಡಿ ಆಳೊಬ್ಬ ಬೂಟು ಸಮೇತ ಒಳಗೆ ಕಾಲಿಟ್ಟ. ಬಾಯ್ತುಂಬ ಬಾಳೆಹಣ್ಣು ಇಟ್ಟುಕೊಂಡೇ ಅನಘಾ, ಥೇಟ್ ನನ್ನ ದನಿಯಲ್ಲಿ ಹೇಳಿದಳು: "ಶೂಸ್ ಆಫ್, ಪ್ಲೀಸ್. ವಿ ಡೋಂಟ್ ವೇರ್ ದೆಮ್ ಇನ್‌ಸೈಡ್."