ಭಾವನ ಕೈ ಬಿಡದ ಚೆಂಡು

ಆ ವಾರವಿಡೀ ಭಾವ ಊಟಕ್ಕೆ ಕೂತರೆ ತಮ್ಮ ಬಲಗೈಯನ್ನೇ ಬೇರೆ ಯಾರದೋ ಕೈ ಎಂಬಂತೆ ನೋಡುತ್ತಿದ್ದರು. ಅಕ್ಕ ಬಡಿಸಿದ್ದು ಆರಿ ತಣ್ಣಗಾಗುತ್ತಿತ್ತು.

ಹುಟ್ಟಿದ ದೇಶದಲ್ಲಿ ಅವರ ಸ್ಪಿನ್ ಬೌಲಿಂಗಿಗೆ ಹೆಸರಿತ್ತು, ತಂಡದಲ್ಲಿ ಜಾಗ ಇರಲಿಲ್ಲ. ಅಕ್ಕನನ್ನು ಮದುವೆಯಾಗಿ ನಾವಿದ್ದ ದೇಶಕ್ಕೆ ಬಂದರು. ಇಲ್ಲಿನ ತಂಡಕ್ಕೆ ಆಡಬೇಕೆಂದರೆ ವರ್ಷಗಟ್ಟಲೆ ಇಲ್ಲೇ ನೆಲೆಸಿರಬೇಕಂತೆ. ನೆಲೆಸಿದರು, ನನ್ನ ಜೊತೆ ಗಾಜಿನ ಕಾರ್ಖಾನೆಯಲ್ಲಿ. ಅಕ್ಕ ಅಲ್ಲೇ ಪ್ಯಾಕಿಂಗಿನಲ್ಲಿದ್ದಳು. ರಜೆ ಸಿಕ್ಕಾಗ ಭಾವ ಕ್ಲಬ್ಬಿಗೆ ಆಡಿ ಬರುತ್ತಿದ್ದರು.

ನಮ್ಮ ಕೆಲಸದಲ್ಲಿ ಬಾಗಿಲಿಗಿಂತ ದೊಡ್ಡ ಗಾಜಿನ ಹಾಳೆಯನ್ನು ಒಬ್ಬರ ಕೈಯಿಂದ ಇನ್ನೊಬ್ಬರ ಕೈಗೆ ದಾಟಿಸಬೇಕು. ಅಂಚು ಉಜ್ಜುವ ಯಂತ್ರದ ಗದ್ದಲದಲ್ಲಿ ಕೂಗಿದರೂ ಕೇಳಿಸದು. ಅದಕ್ಕೇ, ಪಡೆಯುವವನು ಹಿಡಿತ ಸಿಕ್ಕ ಮೇಲೆ ಮರದ ನೆಲಕ್ಕೆ ಒಮ್ಮೆ ಕಾಲು ಕುಟ್ಟುತ್ತಾನೆ. ಆ ನಡುಕ ಪಾದಕ್ಕೆ ತಾಗಿದ ಮೇಲೆಯೇ ಕೊಡುವವನು ಕೈ ಬಿಡಬೇಕು. ಪ್ಯಾಕಿಂಗಿನವರಿಗೂ ಇದೇ ಪದ್ಧತಿ. ವರ್ಷಗಳು ಕಳೆದಂತೆ ಕೈ ತಾನಾಗಿಯೇ ಬಿಡುತ್ತದೆ, ಯೋಚನೆ ಬೇಕಾಗುವುದಿಲ್ಲ.

ಭಾವ ದೇಶದ ತಂಡಕ್ಕೆ ಆಯ್ಕೆಯಾದ ವಾರವೇ ಅನಾಹುತವಾಯಿತು. ಅವರು ಒಂಟೆಗೆ ಹಾಳೆ ಕೊಡುತ್ತಿದ್ದರು. ಒಂಟೆ ಎಂದರೆ ನಮ್ಮಲ್ಲೇ ಎತ್ತರದ ಆಳಿಗೆ ನಾವಿಟ್ಟ ಅಡ್ಡಹೆಸರು. ಹಿಂದೆ ಯಾರೋ ಪೆಟ್ಟಿಗೆ ಕೆಡವಿದರು, ನೆಲ ನಡುಗಿತು, ಭಾವನ ಕೈ ಬಿಟ್ಟಿತು. ಒಂಟೆಗೆ ಇನ್ನೂ ಹಿಡಿತ ಸಿಕ್ಕಿರಲಿಲ್ಲ. ಗಾಜು ಅವನ ಮುಂಗೈಯನ್ನು ಸೀಳಿಕೊಂಡೇ ನೆಲಕ್ಕೆ ಬಿತ್ತು. ಹೊಲಿಗೆ ಹಾಕಿಸಿಕೊಂಡು ಬದುಕಿಕೊಂಡ ಪುಣ್ಯಾತ್ಮ. ಭಾವನನ್ನು ಒಂದು ಮಾತೂ ಬೈಯಲಿಲ್ಲ. ಬೈದುಬಿಟ್ಟಿದ್ದರೆ ಒಳ್ಳೆಯದಿತ್ತು.

ಮರುದಿನ ನಮ್ಮ ಕಟ್ಟಡದ ಉದ್ದನೆಯ ಕಾರಿಡಾರಿನಲ್ಲಿ ಎಂದಿನಂತೆ ಅಭ್ಯಾಸಕ್ಕೆ ನಿಂತೆವು. ಈ ತುದಿಯಲ್ಲಿ ನಾನು ಕುಕ್ಕರುಗಾಲಲ್ಲಿ ಕೂತೆ. ಭಾವ ಓಡಿಬಂದರು, ತೋಳು ತಿರುಗಿತು, ಚೆಂಡು ಮಾತ್ರ ಅವರ ಕೈಯಲ್ಲೇ ಉಳಿಯಿತು.

"ಏನು ಭಾವ, ಚೆಂಡಿಗೆ ಅಂಟು ಹಾಕಿದ್ದೀರಾ?"

ಅವರು ನಗಲಿಲ್ಲ. ಮತ್ತೆ ಓಡಿಬಂದರು, ಮತ್ತೆ ಅದೇ ಕತೆ.

"ಬಿಡೋಕಾಗ್ತಿಲ್ಲ ಕಣೋ. ಬೆರಳು ಮಾತು ಕೇಳ್ತಿಲ್ಲ."

ತಂಡದ ಖಾಯಂ ಸ್ಪಿನ್ನರ್ ಗಾಯಗೊಂಡಿದ್ದರಿಂದ ಸಿಕ್ಕಿದ್ದ ಅವಕಾಶ ಅದು. ಹೊರಗಿನವನು ಯಾಕೆ ಎಂಬ ಗೊಣಗಾಟ ಆಗಲೇ ಶುರುವಾಗಿತ್ತು. ಈ ಪಂದ್ಯದಲ್ಲಿ ಎಡವಿದರೆ ಇನ್ನೊಮ್ಮೆ ಕರೆಯುವವರಿಲ್ಲ, ಇಷ್ಟು ವರ್ಷ ಕಾದದ್ದೆಲ್ಲ ನೀರುಪಾಲು. ಮೂರನೇ ಸಲವೂ ಚೆಂಡು ಬಾರದಿದ್ದಾಗ ನನಗೆ ರೇಗಿಹೋಯಿತು. ನಾಲ್ಕನೇ ಸಲ ಅವರ ತೋಳು ಮೇಲೇಳುವಾಗ ಎದ್ದು ನಿಂತೆ.

"ಬಿಡಿ ಅಂದ್ರೆ ಬಿಡಿ ಭಾವ!" ಎಂದು ನೆಲಕ್ಕೆ ಕಾಲು ಕುಟ್ಟಿದೆ.

ಚೆಂಡು ಬಂತು. ಸರ್ರನೆ ತಿರುಗಿ ಪಕ್ಕದ ಮನೆಯ ಬಾಗಿಲಿಗೆ ಬಡಿಯಿತು. ಆ ಮನೆಯಾಕೆ ಹೊರಗೆ ಬಂದು ಮಂಗಳಾರತಿ ಎತ್ತಿದರು. ನಾವಿಬ್ಬರೂ ಮುಖ ಮುಖ ನೋಡಿಕೊಂಡು ನಿಂತಿದ್ದೆವು.

ಆಮೇಲೆ ಪ್ರತಿ ಚೆಂಡಿಗೂ ನಾನು ಕಾಲು ಕುಟ್ಟಬೇಕಾಯಿತು. ಕುಟ್ಟದಿದ್ದರೆ ಚೆಂಡಿಲ್ಲ.

"ಮೈದಾನದಲ್ಲಿ ಯಾರು ಕುಟ್ತಾರೆ?" ಎಂದು ಅಕ್ಕ ಕೇಳಿದಳು.

"ವಿಕೆಟ್ ಕೀಪರ್‌ಗೆ ಹೇಳಿದ್ರಾಯ್ತು," ಎಂದೆ.

"ಹುಚ್ಚ ಅಂತ ಮನೆಗೆ ಕಳಿಸ್ತಾರೆ," ಎಂದರು ಭಾವ. ಹೇಳುವುದಿಲ್ಲವೆಂದು ಹಟ ಹಿಡಿದರು.

ಪಂದ್ಯದ ದಿನ ಮರದ ಹಲಗೆಯ ಗ್ಯಾಲರಿಯಲ್ಲಿ ಅಕ್ಕ ನನ್ನ ಮಣಿಕಟ್ಟು ಹಿಡಿದು ಕೂತಳು. ಭಾವ ಓಡಿಬಂದರು. ಚೆಂಡು ಬರಲಿಲ್ಲ. ಮತ್ತೆ ಬಂದರು, ಬರಲಿಲ್ಲ. ಜನ ನಕ್ಕರು. ನಮ್ಮ ಹಿಂದಿನಿಂದ ಒಬ್ಬ, "ಬಂದ ದಾರಿ ಹಿಡಿಯಪ್ಪಾ" ಎಂದು ಕೂಗಿದ. ಅವನ ನಾಲಿಗೆ ಸೇದಿಹೋಗ! ನಾಯಕ ಭಾವನ ಕಡೆ ನಡೆಯತೊಡಗಿದ. ಭಾವ ಅವನನ್ನು ದಾಟಿ ಸೀದಾ ಕೀಪರ್ ಹತ್ತಿರ ಹೋಗಿ ಏನೋ ಹೇಳಿದರು. ಕೀಪರ್ ನಕ್ಕ. ಭಾವನ ಮುಖ ನೋಡಿದ ಮೇಲೆ ನಗು ನಿಲ್ಲಿಸಿದ.

ಮುಂದಿನ ಸಲ ಭಾವನ ತೋಳು ಮೇಲೇಳುವಾಗ ಕೀಪರ್ ಕಾಲೆತ್ತಿ ಕುಟ್ಟಿದ. ಅಷ್ಟು ದೂರಕ್ಕೆ ನಡುಕವೆಲ್ಲಿ ತಾಗಬೇಕು, ಕಣ್ಣಿಗೆ ಕಂಡಿದ್ದೇ ಸಾಕಾಯಿತು. ಚೆಂಡು ಬಂತು. ನನಗೆ ಹೋದ ಜೀವ ಬಂತು.

ಆದರೆ ಬ್ಯಾಟ್ಸ್‌ಮನ್ ಮಹಾ ಕಿಲಾಡಿ. ಒಂದೆರಡು ಓವರ್ ಆಡುವಷ್ಟರಲ್ಲಿ ಹಿಂದೆ ತಿರುಗಿ ಕೀಪರ್‌ನ ಕಾಲು ನೋಡಿದ. ಮುಂದಿನ ಚೆಂಡಿಗೆ ಭಾವ ಓಡಿಬರುತ್ತಿದ್ದಂತೆ, ಕೀಪರ್‌ಗಿಂತ ಮೊದಲೇ, ತಾನೇ ಮುಂಗಾಲೆತ್ತಿ ನೆಲಕ್ಕೆ ಕುಟ್ಟಿದ.

ಪೆಟ್ಟಿಗೆ ಬಿದ್ದದ್ದು, ಒಂಟೆಯ ರಕ್ತ, ಎಲ್ಲ ನನ್ನ ಕಣ್ಣ ಮುಂದೆ ಬಂತು. ಅಕ್ಕ ಕಣ್ಣು ಮುಚ್ಚಿಕೊಂಡಳು. ಭಾವನ ಕೈ ಹೊತ್ತಿಗೆ ಮೊದಲೇ ಬಿಚ್ಚಿಕೊಂಡಿತು. ಚೆಂಡು ಅಳತೆಯಿಲ್ಲದೆ ಮೇಲೇರಿ, ನಿಧಾನವಾಗಿ ಇಳಿಯಿತು. ಬ್ಯಾಟ್ಸ್‌ಮನ್ ಕುಟ್ಟಿದ ಕಾಲು ಕಿತ್ತು ಹಿಂದೆ ಸರಿಯಲು ಹೊರಟ. ಅಷ್ಟರಲ್ಲಿ ಚೆಂಡು ನೆಲ ಮುಟ್ಟಿ, ಒಳಕ್ಕೆ ತಿರುಗಿ, ಅವನ ಸ್ಟಂಪ್ ಉರುಳಿಸಿತು.

ಭಾವ ನಿವೃತ್ತರಾಗುವವರೆಗೂ ಬಂದ ಕೀಪರ್‌ಗಳೆಲ್ಲ ಕಾಲು ಕುಟ್ಟಿದರು. ಟೀವಿಯವರು ಅದನ್ನು ತಂತ್ರ ಎಂದರು. ಮಣ್ಣಾಂಗಟ್ಟಿ ತಂತ್ರ! ಕೊನೆಯ ಪಂದ್ಯದ ಕೊನೆಯ ಚೆಂಡಿನವರೆಗೂ ಭಾವನಿಗಿದ್ದದ್ದು ಹೆದರಿಕೆಯೇ.

ಆ ಮೊದಲ ಪಂದ್ಯದಲ್ಲಿ ಸ್ಟಂಪ್ ಉರುಳಿದಾಗ ಇಡೀ ಗ್ಯಾಲರಿ ಎದ್ದು ನಿಂತು ಬೊಬ್ಬೆ ಹೊಡೆಯುತ್ತಿತ್ತು. ಅಕ್ಕ ಮಾತ್ರ ಕಣ್ಣು ಬಿಟ್ಟಿರಲಿಲ್ಲ. ಅವಳ ಉಗುರು ನನ್ನ ಮಣಿಕಟ್ಟಿನೊಳಗೆ ಇಳಿದಿತ್ತು.

"ಅಕ್ಕಾ, ಔಟಾದ! ಕೈ ಬಿಡೇ!"

ಆ ಗದ್ದಲದಲ್ಲಿ ಅವಳಿಗೆ ಕೇಳಿಸಲಿಲ್ಲ. ನಾನು ಹಲಗೆಗೆ ಒಮ್ಮೆ ಕಾಲು ಕುಟ್ಟಿದೆ. ಅಕ್ಕ ಕೈ ಬಿಟ್ಟಳು.