ಮೊದಲ ಮೀನು ಹಿಡಿದವನು

ಶೇಂಗಾ ಹಿಂಡಿಯ ವಾಸನೆ ಬೆರಳಿಗೆ ಒಮ್ಮೆ ಅಂಟಿತೆಂದರೆ ಸಾಬೂನಿಗೂ ಜಗ್ಗುವುದಿಲ್ಲ, ಸೀಗೆಪುಡಿಗೂ ಜಗ್ಗುವುದಿಲ್ಲ. ಅನುಮಾನವಿದ್ದವರು ರಾತ್ರಿ ಉಳಿದ ತಂಗಳು ಮುದ್ದೆಗೆ ಒಂದು ಹಿಡಿ ಹಿಂಡಿ ಉದುರಿಸಿ, ಹದವಾಗಿ ನಾದಿ, ಗಾಳಕ್ಕೆ ಸಿಕ್ಕಿಸುವಂಥ ಸಣ್ಣ ಗುಳಿಗೆಗಳನ್ನು ಉರುಳಿಸಿ ನೋಡಬಹುದು. ಉಗುರಿನ ಸಂದಿಯಲ್ಲಿ ಬಿಡಾರ ಹೂಡಿದ ಆ ಗಾಣದ ಘಮಲು ಎಬ್ಬಿಸಿದರೂ ಏಳದ ನೆಂಟನಂತೆ ಅಲ್ಲೇ ಕೂರುತ್ತದೆ. ನನ್ನ ಹೆಂಡತಿ ಮೀನಿನ ವಾಸನೆಯನ್ನಾದರೂ ಸಹಿಸಿಯಾಳು, ತವರಿನ ದನದ ಕೊಟ್ಟಿಗೆಯನ್ನು ನೆನಪಿಸುವ ಇದನ್ನು ಮಾತ್ರ ಊಟದ ಹೊತ್ತಿನಲ್ಲಿ ಸಹಿಸಲಾರಳು. ಆದ್ದರಿಂದ ನಾನು ಕೆರೆಗೆ ಹೋಗಿ ಬಂದ ದಿನ ನನ್ನ ತಟ್ಟೆಯ ಪಕ್ಕದಲ್ಲಿ ಒಂದು ಚಮಚ ಪ್ರತ್ಯಕ್ಷವಾಗುತ್ತದೆ. ಹುಟ್ಟಿದಾರಭ್ಯ ಕೈಯಲ್ಲೇ ಕಲಸಿ ಉಂಡವನಿಗೆ ಚಮಚದ ಊಟ ಊಟವೇ ಅಲ್ಲ. ಆದರೂ ಗೃಹಶಾಂತಿಯ ಘನ ಉದ್ದೇಶದಿಂದ ನಾನು ಆ ದಿನಗಳಲ್ಲಿ ಅನ್ನವನ್ನು ಮಣ್ಣಿನಂತೆ ತೋಡಿಕೊಂಡು ಉಣ್ಣುತ್ತ ಬಂದಿದ್ದೇನೆ.

ಗಾಳ ಹಾಕುವವನೆಂದ ಮಾತ್ರಕ್ಕೆ ನನ್ನನ್ನು ಸಾಹಸಿಯೆಂದು ಭ್ರಮಿಸಬೇಡಿ. ವೃತ್ತಿಜೀವನವನ್ನೆಲ್ಲ ಚಳ್ಳಕೆರೆಯ ಗ್ರಂಥಾಲಯವೊಂದರಲ್ಲಿ 'ನಿಶ್ಶಬ್ದ' ಎಂಬ ಫಲಕದ ಕೆಳಗೆ ಕಳೆದವನು ನಾನು. ಸದ್ದಿಲ್ಲದೆ ಕೂರುವುದು, ಬಾರದವರಿಗಾಗಿ ಕಾಯುವುದು, ಬಂದವರು ಕೈಕೊಟ್ಟು ಹೋದರೂ ಬೇಸರಿಸದಿರುವುದು ಇವೇ ನನ್ನ ಅರ್ಹತೆಗಳಾಗಿದ್ದವು. ನಿವೃತ್ತಿಯ ನಂತರ ಗೊತ್ತಾಯಿತು, ಮೀನು ಹಿಡಿಯುವುದಕ್ಕೂ ಇಷ್ಟೇ ಸಾಕೆಂದು. ಕೆರೆಯ ಹರಾಜು ಹಿಡಿದ ಗುತ್ತಿಗೆದಾರ ಕೂಡ ನಮ್ಮ ಮೂವರನ್ನು ಕಂಡರೆ ನಕ್ಕು ಹೋಗುತ್ತಾನೆಯೇ ಹೊರತು ತಡೆಯುವುದಿಲ್ಲ. ನಮ್ಮಿಂದ ಅವನ ಮೀನಿಗೆ ಅಪಾಯವಿಲ್ಲವೆಂದು ಅವನಿಗೆ ಖಚಿತವಾಗಿದೆ.

ಮೂವರು ಎಂದೆ. ಒಬ್ಬ ಈರಣ್ಣ, ಮೊಳಕಾಲ್ಮೂರಿನಲ್ಲಿ ರೇಷ್ಮೆ ಸೀರೆ ನೇಯ್ದು ನೇಯ್ದು ಕಣ್ಣು ಮಂಜಾದವನು. ದಾರ ಕಣ್ಣಿಗೆ ಕಾಣದಿದ್ದರೂ ಗಾಳದ ಗಂಟನ್ನು ಬೆರಳಲ್ಲೇ ನೋಡಿ ಕಟ್ಟಬಲ್ಲ. ಇನ್ನೊಬ್ಬ ಬೋರಯ್ಯ, ರಾಂಪುರದ ಮೇಲೆ ಬಳ್ಳಾರಿಗೆ ಹೋಗುವ ಬಸ್ಸನ್ನು ವರ್ಷಾನುಗಟ್ಟಲೆ ಓಡಿಸಿದವನು. ಹೈಸ್ಕೂಲಿನಲ್ಲಿ ಒಂದೇ ಹಾಸ್ಟೆಲ್ಲಿನ ಒಂದೇ ಕೋಣೆಯಲ್ಲಿ ಹಸಿದುಕೊಂಡು ಬೆಳೆದವರು ನಾವು. ಆ ಹಸಿವನ್ನು ನಾನೂ ಈರಣ್ಣನೂ ಕಾಲಕ್ರಮೇಣ ಮರೆತೆವು, ಬೋರಯ್ಯ ಮರೆಯಲಿಲ್ಲ. ಯಾವ ಊರಿನ ಯಾವ ಹೋಟೆಲಿನಲ್ಲಿ ಎಷ್ಟು ಹೊತ್ತಿಗೆ ಮೆಣಸಿನಕಾಯಿ ಬಜ್ಜಿ ಬಾಣಲೆಯಿಂದ ಏಳುತ್ತದೆಂಬುದು ಅವನಿಗೆ ಕಂಠಪಾಠ. ಬಸ್ಸಿನ ವೇಳಾಪಟ್ಟಿ ಆ ಬಾಣಲೆಗಳನ್ನು ಅನುಸರಿಸುತ್ತಿತ್ತೆಂದು ಪ್ರಯಾಣಿಕರ ದೂರಿತ್ತು. ಅವನು ಉಣ್ಣುವುದನ್ನು ನೋಡಿದರೆ ಅಜೀರ್ಣದವನಿಗೂ ಹಸಿವಾಗುತ್ತಿತ್ತು.

ಬೋರಯ್ಯನದು ದೇವರ ಪೆಟ್ಟಿಗೆಯಿರುವ ಮನೆ. ಮೀನು ಹಟ್ಟಿಯ ಹೊಸ್ತಿಲು ದಾಟುವಂತಿಲ್ಲ. ಹಿಡಿದದ್ದೆಲ್ಲ ಕೆರೆ ಏರಿಯ ಜಾಲಿ ಮರದಡಿಯಲ್ಲೇ ಬೆಂದು ಅಲ್ಲೇ ಮುಗಿಯಬೇಕು. ಅದಕ್ಕೆಂದೇ ನಮ್ಮಲ್ಲೊಂದು ಕಟ್ಟಳೆ ಹುಟ್ಟಿಕೊಂಡಿತು. ದಿನದ ಮೊದಲ ಮೀನು ಯಾರ ಗಾಳಕ್ಕೆ ಬೀಳುತ್ತದೋ ಅವನೇ ಒಲೆ ಹೂಡಿ, ಮೀನು ಉಜ್ಜಿ ತೊಳೆದು, ಸಾರು ಕಾಯಿಸಿ ಬಡಿಸಬೇಕು. ಆದರೆ ತಾನು ಅದನ್ನು ಬಾಯಿಗಿಡುವಂತಿಲ್ಲ. ಅದೃಷ್ಟವಂತನ ಸೊಕ್ಕು ಮುರಿಯಲೆಂದು ಹುಡುಗಾಟದಲ್ಲಿ ಮಾಡಿದ ಈ ಶಾಸನದ ಪರಿಣಾಮವಾಗಿ, ಪ್ರಪಂಚದಲ್ಲೇ ಮೀನು ಸಿಗದಿರಲೆಂದು ಹರಕೆ ಹೊತ್ತು ಗಾಳ ಹಾಕುವ ಏಕೈಕ ಬೆಸ್ತರು ನಾವಾದೆವು. ಬೋರಯ್ಯನಂತೂ ಈ ವಿದ್ಯೆಯಲ್ಲಿ ಪಾರಂಗತ. ಬೆಂಡು ಮುಳುಗಿ ದಾರ ಜಗ್ಗುತ್ತಿದ್ದರೂ ಆಕಾಶದಲ್ಲಿ ಗರುಡ ಹುಡುಕುತ್ತಿದ್ದ. ಇಷ್ಟು ವರ್ಷಗಳಲ್ಲಿ ಅವನು ಒಮ್ಮೆಯೂ ಮೊದಲಿಗನಾಗಲಿಲ್ಲ. ನಮ್ಮ ಕೆರೆಯಲ್ಲಿ ಹೆಚ್ಚಾಗಿ ಸಿಗುವುದು ಜಿಲೇಬಿ ಮೀನು. ಸಕ್ಕರೆ ಕಾಯಿಲೆಯ ನನಗೆ ವೈದ್ಯರು ಒಪ್ಪಿರುವ ಒಂದೇ ಜಿಲೇಬಿ. ಅದನ್ನು ನಾನು ಎಷ್ಟೋ ಸಲ ಬೇಯಿಸಿ, ಬೋರಯ್ಯ ಮುಳ್ಳು ಚೀಪುವ ಸದ್ದು ಕೇಳುತ್ತ, ಬರೀ ಮುದ್ದೆಯನ್ನು ಚಟ್ನಿಯಲ್ಲಿ ನುಂಗಿದ್ದೇನೆ.

ಈ ಬೇಸಿಗೆಗೆ ಬೋರಯ್ಯನ ಅನ್ನನಾಳ ಮುಚ್ಚಿಹೋಗಿತ್ತು. ಯಾವ ಕಾಯಿಲೆಯೆಂದು ನಾನು ಹೇಳಬೇಕಾಗಿಲ್ಲ. ಬಳ್ಳಾರಿಯ ವೈದ್ಯರು ಹೊಟ್ಟೆಗೆ ನೇರವಾಗಿ ಒಂದು ನಳಿಕೆ ಇಟ್ಟು, ಇನ್ನು ಮನೆಯಲ್ಲೇ ಇರಿಸಿಕೊಳ್ಳಿ ಎಂದು ಸಮಾಧಾನದ ದನಿಯಲ್ಲಿ ಹೇಳಿ ಕಳಿಸಿದ್ದರು. ಗುಟುಕು ನೀರೂ ಗಂಟಲಿಂದ ಇಳಿಯದ ಆ ಮನುಷ್ಯ ಒಂದು ಸಂಜೆ ಫೋನು ಮಾಡಿ, ಸೀಳುದನಿಯಲ್ಲಿ, "ಲೇ ಪುಸ್ತಕಪ್ಪ, ಕೆರ್‍ಯಾಗ ಇನ್ನಾ ನೀರೈತಂತೆ. ನಾಳೆ ಹೋಗಾನ ಬರ್ತೀಯಾ?" ಎಂದ. ಬೇಡವೆನ್ನುವ ಧೈರ್ಯ ನನಗಿರಲಿಲ್ಲ. ಮುಂದಿನ ಬೇಸಿಗೆಯ ಮಾತನ್ನು ಇಬ್ಬರೂ ಎತ್ತಲಿಲ್ಲ.

ಮೊದಲ ಬಸ್ಸಿನಲ್ಲಿ ಕೂತು ಹೋಗುವಾಗ ನನಗಿದ್ದುದು ಒಂದೇ ಚಿಂತೆ. ಮೀನು ಬೇಯುತ್ತದೆ, ಘಮಲು ಏಳುತ್ತದೆ, ನಾವಿಬ್ಬರು ತಟ್ಟೆ ಹಿಡಿಯುತ್ತೇವೆ, ಆಗ ಬೋರಯ್ಯ ಏನು ಮಾಡಬೇಕು? ನಾವು ಯಾವ ಮುಖ ಹೊತ್ತು ಉಣ್ಣಬೇಕು? ಸೀಟು ಬದಲಿಸಿ ಕುಳಿತರೂ ಈ ಪ್ರಶ್ನೆ ಬಿಡಲಿಲ್ಲ. ಆಮೇಲೆ ನಮ್ಮ ಕಟ್ಟಳೆಯೇ ನೆನಪಾಯಿತು. ಇವತ್ತು ಬೋರಯ್ಯನೇ ಮೊದಲ ಮೀನು ಹಿಡಿದುಬಿಟ್ಟರೆ! ಆಗ ಅವನು ಉಣ್ಣದಿರುವುದು ಕಾಯಿಲೆಯಿಂದಲ್ಲ, ಕಾನೂನಿನಿಂದ. ಯಾರೂ ಯಾರ ಮುಖವನ್ನೂ ತಪ್ಪಿಸಬೇಕಾಗಿಲ್ಲ. ಇಷ್ಟು ಓದಿದ್ದು ಸಾರ್ಥಕವಾಯಿತೆಂದು ನನ್ನ ಬೆನ್ನನ್ನು ನಾನೇ ಚಪ್ಪರಿಸಿಕೊಂಡೆ.

ಬಿಸಿಲು ಇನ್ನೂ ಬಂಡೆಗುಡ್ಡದ ಆಚೆಗಿತ್ತು. ನೀರು ತೂಬಿನಿಂದ ಬಹುದೂರ ಸರಿದು, ನಡುವಿನ ಗುಂಡಿಯಲ್ಲಿ ಕಂದಾಗಿ ನಿಂತಿತ್ತು. ಈರಣ್ಣ ಬೋರಯ್ಯನನ್ನು ಕೈ ಹಿಡಿದು ಏರಿಯಿಂದ ಇಳಿಸುತ್ತಿದ್ದ. ಅಂಗಿಯ ತುಂಬ ಇದ್ದ ಆಳು ಈಗ ಅಂಗಿಯೊಳಗೆ ಎಲ್ಲೋ ಇದ್ದ. ನಗಬೇಕೆಂದು ಬಾಯಿ ತೆರೆದರೆ ಅಳು ಬರುವಂತಾಗಿ, ಗಾಳದ ಕೋಲು ಬಿಚ್ಚುವ ನೆಪದಲ್ಲಿ ಬೆನ್ನು ತಿರುಗಿಸಿದೆ. ಆಮೇಲೆ ಹಿಂಡಿ ನಾದಿ ಮೂವರಿಗೂ ಹಂಚಿದೆ. ನನ್ನ ಪಾಲಿನ ಗುಳಿಗೆಯನ್ನು ಮಾತ್ರ ಸಿಕ್ಕಿಸಿದಂತೆ ಮಾಡಿ ಅಂಗೈಯಲ್ಲೇ ಉಳಿಸಿಕೊಂಡು, ಬರೀ ಗಾಳವನ್ನು ನೀರಿಗೆ ಎಸೆದೆ.

ಕುಳಿತೆವು. ಬಿಸಿಲು ಗುಡ್ಡ ಹತ್ತಿತು, ಇಳಿಯಿತು, ನಮ್ಮ ಬೆನ್ನಿಗೇ ಬಂದು ಕೂತಿತು. ಮೂರು ಬೆಂಡುಗಳು ಅಲುಗದೆ ನಿಂತಿದ್ದವು. ನೀರಿನಲ್ಲಿ ಅಲ್ಲಲ್ಲಿ ಮೀನು ಮಗುಚುವುದು ಕಣ್ಣಿಗೇ ಕಾಣುತ್ತಿತ್ತು, ಆದರೂ ಬೋರಯ್ಯನ ಬೆಂಡು ಮಿಸುಕಲಿಲ್ಲ. ಇಷ್ಟು ವರ್ಷ ಬೇಡವೆಂದರೂ ಬಂದು ಬೀಳುತ್ತಿದ್ದ ಮೀನುಗಳ ಮೇಲೆ ನನಗೆ ವಿಪರೀತ ಸಿಟ್ಟು ಬಂತು. ಅವನ ಗಾಳಕ್ಕೆ ಒಂದೇ ಒಂದು ಬೀಳಲೆಂದು, ದೇವರಲ್ಲಿ ಅಷ್ಟೇನೂ ವ್ಯವಹಾರವಿಲ್ಲದ ನಾನು ಬೇಡಿಕೊಂಡೆ.

ಈರಣ್ಣನಿಗೆ ತಾಳ್ಮೆ ತಪ್ಪಿತು. "ಏಮಪ್ಪಾ ಬೋರಯ್ಯ, ನಿನ್ ಗಾಳದ ತಿಂಡಿ ಉದುರಿರಬೇಕು, ತಡಿ" ಎಂದು ಎದ್ದು ಹೋಗಿ ಅವನ ದಾರ ಎಳೆದ. ತುದಿಯನ್ನು ಬೆರಳಲ್ಲಿ ಸವರಿದವನು ಹಾಗೇ ನಿಂತುಬಿಟ್ಟ. ಹಿಂಡಿಯ ಕಣವೂ ಅದಕ್ಕೆ ಅಂಟಿರಲಿಲ್ಲ. ಬೋರಯ್ಯನ ಪಾಲಿನ ಗುಳಿಗೆ ಅವನ ಪಕ್ಕದ ಕಲ್ಲಿನ ಮೇಲೆ ಒಣಗುತ್ತಿತ್ತು.

"ನಿಮ್ಮವೂ ಎಳೀರಲೇ, ನೋಡಾನ" ಎಂದ ಬೋರಯ್ಯ.

ಎಳೆದೆವು. ನನ್ನದೂ ಬರಿಗಾಳ, ಈರಣ್ಣನದೂ ಬರಿಗಾಳ. ನನಗೆ ಬಸ್ಸಿನಲ್ಲಿ ಹೊಳೆದ ಮಹೋಪಾಯ ಈರಣ್ಣನಿಗೆ ಮಗ್ಗದ ಮುಂದೆ ಹೊಳೆದಿತ್ತು, ಅಷ್ಟೇ. ಮೂವರು ಮುದುಕರು, ಇಷ್ಟು ಹೊತ್ತೂ, ಮೂರು ಖಾಲಿ ಕೊಕ್ಕೆಗಳನ್ನು ನೀರಿನಲ್ಲಿ ನೆನೆಹಾಕಿಕೊಂಡು ಧ್ಯಾನಸ್ಥರಾಗಿದ್ದೆವು. ನಗು ಬಂತು. ಬೋರಯ್ಯ ನಳಿಕೆಯಿದ್ದ ಕಡೆ ಕೈಯೊತ್ತಿ ಹಿಡಿದು ಸದ್ದಿಲ್ಲದೆ ನಕ್ಕ, ಕಣ್ಣಲ್ಲಿ ನೀರು ಬರುವ ತನಕ ನಕ್ಕ.

"ನಾವೇನೋ ನಿನ್ ಸಲುವಾಗಿ ಹಿಂಗೆ ಮಾಡಿದ್ವಿ. ನಿಂಗೇನಾಗಿತ್ತಲೇ?" ಎಂದು ಈರಣ್ಣ ಕೇಳಿದ.

ಬೋರಯ್ಯ ಉಸಿರು ಹಿಡಿದು ಹಿಡಿದು ಹೇಳಿದ: "ಮೊದಲ್ನೇ ಮೀನು ನಂದಾದ್ರೆ ನಾನು ಉಣ್ಣಂಗಿಲ್ಲ ಅಲ್ಲೇನಲೇ? ಉಣ್ಣಾಕೆ ಆಗಲ್ಲ ಅಂಬಾದು ಬ್ಯಾರೆ. ಉಣ್ಣಂಗಿಲ್ಲ ಅಂಬಾದು ಬ್ಯಾರೆ. ಆ ಡಾಕ್ಟ್ರು ಹೇಳಿದ್ದು ಸಾಲ್ದು ಅಂತ ನೀವೂ ಬ್ಯಾಡ ಅಂದ್ರೆ ನಾನು ಎಲ್ಲಿಗೆ ಹೋಗ್ಲಿ?"

ನಾವು ಅವನನ್ನು ಅವಮಾನದಿಂದ ಕಾಪಾಡಲು ಹೊರಟವರು. ಉಣ್ಣುವವರ ಸಾಲಿನಲ್ಲಿ ಅವನಿಗಿನ್ನೂ ಒಂದು ಜಾಗ ಉಳಿದಿತ್ತು, ಅದನ್ನು ಕಿತ್ತುಕೊಳ್ಳಲು ಹೋಗಿದ್ದೆವೆಂದು ಆಗ ತಿಳಿಯಿತು.

ಅವನೇ ಎದ್ದು ಉಳಿದ ಹಿಂಡಿ ಮುದ್ದೆಯನ್ನೆಲ್ಲ ಪುಡಿಮಾಡಿ ನೀರಿಗೆ ಚೆಲ್ಲಿದ. ಎಲ್ಲಿದ್ದವೋ, ಜಿಲೇಬಿಗಳು ಗುಂಪುಗುಂಪಾಗಿ ಬಂದು ಬಾಯಿ ತೆರೆದು ತೆರೆದು ನುಂಗಿದವು. ನೀರೆಲ್ಲ ಕಲಕಿಹೋಯಿತು. ಬೋರಯ್ಯ ಬಾಗಿ ನೋಡುತ್ತಿದ್ದ. "ಹೆಂಗೆ ಉಣ್ತಾವೆ ನೋಡ್ಲೇ" ಎಂದ. ಅವನ ಗಂಟಲಮಣಿ ತನ್ನಷ್ಟಕ್ಕೆ ಮೇಲೆ ಕೆಳಗೆ ಆಡುತ್ತಿತ್ತು. ನಾನು ಅದನ್ನು ನೋಡಬಾರದಿತ್ತು, ನೋಡಿದೆ.

ಜಾಲಿಯ ನೆರಳಲ್ಲಿ ಕುಳಿತು ಅವನು ಅಂಗಿ ಎತ್ತಿ, ಸೊಸೆ ಫ್ಲಾಸ್ಕಿನಲ್ಲಿ ಹಾಕಿಕೊಟ್ಟ ರಾಗಿ ಗಂಜಿಯನ್ನು ಸಿರಿಂಜಿನಿಂದ ನಳಿಕೆಗೆ ನಿಧಾನವಾಗಿ ಬಿಟ್ಟುಕೊಂಡ. ಈರಣ್ಣ ನಳಿಕೆಯನ್ನು ಎತ್ತಿ ಹಿಡಿದಿದ್ದ. ಬೋರಯ್ಯನ ಬಾಯಿ ಸುಮ್ಮನೆ ಮುಚ್ಚಿಕೊಂಡಿತ್ತು. ಮುಗಿದ ಮೇಲೆ, "ನಂದಾತು. ನೀವು ಉಣ್ರಲೇ" ಎಂದ. ನನ್ನ ಚೀಲದಲ್ಲಿ ಬುತ್ತಿಯಿತ್ತು. ಹಸಿವಿಲ್ಲವೆಂದೆವು. ಅವನು ನಂಬಲಿಲ್ಲ, ಒತ್ತಾಯವನ್ನೂ ಮಾಡಲಿಲ್ಲ. ರಾಂಪುರದಲ್ಲಿ ನಾನು ಬಸ್ಸು ಹತ್ತುವಾಗ, "ಮಳಿ ಬಂದ್ರೆ ಫೋನ್ ಮಾಡ್ತೀನಿ" ಎಂದ. ಹೂಂ ಎಂದೆ. ಮಳೆ ಅವನಿಗಿಂತ ತಡವಾಗಿ ಬರುತ್ತದೆಂದು ಮೂವರಿಗೂ ಗೊತ್ತಿತ್ತು.

ಮನೆಗೆ ಬಂದಾಗ ಹೊತ್ತು ನೆತ್ತಿ ದಾಟಿತ್ತು. ಹೆಂಡತಿ ನನ್ನ ಕೈಯನ್ನು ಮೂಸದೆಯೇ ತಟ್ಟೆಯ ಪಕ್ಕ ಚಮಚವಿಟ್ಟಳು. ಅದನ್ನು ಆಚೆ ಸರಿಸಿ, ಹಿಂಡಿ ನಾರುವ ಬೆರಳುಗಳಿಂದಲೇ ಅನ್ನ ಸಾರು ಕಲಸಿದೆ. ಅವಳು ನನ್ನ ಮುಖ ನೋಡಿ ಚಮಚವನ್ನು ಒಳಗೆ ಒಯ್ದಳು. ಇವತ್ತು ತುತ್ತು ಇಳಿಯಲಾರದೆಂದೇ ನಾನು ತಿಳಿದಿದ್ದೆ. ಇಳಿಯಬಾರದೆಂಬ ಆಸೆಯೂ ಇತ್ತು. ಆದರೆ ಬೆಳಗಿನಿಂದ ಖಾಲಿಯಿದ್ದ ಹೊಟ್ಟೆ. ಮೊದಲ ತುತ್ತು ಸಲೀಸಾಗಿ ಇಳಿಯಿತು, ಎರಡನೆಯದು ಇನ್ನೂ ಸಲೀಸಾಗಿ. ಸಾರು ರುಚಿಯಾಗಿತ್ತು. ನಾನು ಅಳುತ್ತಲೇ ಇನ್ನಷ್ಟು ಬಡಿಸಿಕೊಂಡೆ.