ಅರ್ಧ ಮೈಗೆ ಬಂದ ದೇವಿ

ಮೊನ್ನೆ ಸೊಸೆ ಹಂಚಿನ ಮೇಲೆ ರೊಟ್ಟಿ ಬಿಟ್ಟು ಫೋನ್ ಹಿಡಿದಳು. ಜೋಳದ ಹಿಟ್ಟು ಸೀದ ವಾಸನೆ ಪಡಸಾಲೆಗೆ ಬಂತು. ಬೈಯಬೇಕೆಂದು ಎದ್ದವಳು ಹಾಗೇ ಕುಳಿತೆ... ಶಿಗ್ಗಾಂವದಲ್ಲಿ ನಮ್ಮ ಗೋಡೆಗೆ ಗೋಡೆ ಹಚ್ಚಿಕೊಂಡಿದ್ದ ರೊಟ್ಟಿಯಾಕೆ ನೆನಪಾದಳು.

ಯಾರ ಮನೆಯ ಮದುವೆಯಾದರೂ ರೊಟ್ಟಿ ಬಡಿಯಲು ಅವಳೇ ಬೇಕು. ಒಂದು ಬೇಸಿಗೆಯಲ್ಲಿ ಅವಳ ಎಡಗೈ ತಾನಾಗಿಯೇ ಎಗರತೊಡಗಿತು. ಹಿಟ್ಟು ಚೆಲ್ಲುತ್ತಿತ್ತು, ರೊಟ್ಟಿ ಹರಿಯುತ್ತಿತ್ತು. ಬಲಗೈ ಮಾತ್ರ ಸುಮ್ಮನೆ ಇರುತ್ತಿತ್ತು. ಬಡಿದು ಬಡಿದು ಕೈಗೆ ಚಟ ಹತ್ತಿದೆ ಎಂದು ನಾವೆಲ್ಲ ನಕ್ಕೆವು. ಅವಳೂ ನಕ್ಕಳು. ಆಮೇಲೆ ನಗಲಿಲ್ಲ.

ಅವಳ ಅತ್ತೆಗೆ ಅದರಲ್ಲಿ ದೇವಿ ಕಂಡಳು. ಆ ಕೈಗೆ ಅರಿಶಿನ ಕುಂಕುಮ ಹಚ್ಚಿ ಅವಳನ್ನು ಕಟ್ಟೆಯ ಮೇಲೆ ಕೂರಿಸಿದಳು. ಓಣಿಯ ಹೆಂಗಸರು ಕಾಯಿ ಹಿಡಿದು ಬಂದರು. ಎಮ್ಮೆ ಗಬ್ಬ ನಿಲ್ಲುತ್ತದೋ ಇಲ್ಲವೋ ಎಂದು ಒಬ್ಬಾಕೆ ಕೇಳಿದಳು. ಕೈ ಎಗರಿತು. ಹೌದೆಂದು ತಿಳಿದು ಕಾಯಿ ಒಡೆದು ಹೋದಳು. ಎಮ್ಮೆ ನಿಲ್ಲಲಿಲ್ಲ, ಅದು ಬೇರೆ ಮಾತು.

ಹಿತ್ತಲಲ್ಲಿ ಬಟ್ಟೆ ಒಗೆಯುವಾಗ ಅವಳು ನನ್ನೊಬ್ಬಳಿಗೇ ಹೇಳಿದಳು.

"ಅಕ್ಕಾ, ಇದು ನನ್ನ ಮಾತ ಕೇಳವಲ್ದು. ಕಾಲಿಗೂ ಇಳ್ಯಾಕತ್ತೈತಿ. ನನಗ ಅಂಜಿಕಿ ಬರತೈತಿ."

ಮರುದಿನ ಕಟ್ಟೆಯ ಮುಂದೆ ಹೋಗಿ ನಿಂತು ಅವಳ ಅತ್ತೆಯನ್ನು ಕೇಳಿದೆ.

"ಯವ್ವಾ, ದೇವಿ ಬಂದ್ರ ಮೈತುಂಬ ಬರ್ತಾಳ. ಅರ್ಧಕ್ಕ ಯಾಕ ಬಂದಾಳ? ಬಲಗೈ ಏನ್ ಮೈಲಿಗಿ ಆಗೈತೇನ್ರಿ?"

ಯಾರೋ ಕಿಸಕ್ಕನೆ ನಕ್ಕರು.

"ನಿನ್ನ ನಾಲಿಗಿಗೆ ಹುಳ ಬೀಳ್ಲಿ," ಅಂದಳು ಮುದುಕಿ.

"ಬೀಳ್ಲಿ ಬಿಡ್ರಿ. ಮೊದಲ ಈಕಿನ್ನ ಹುಬ್ಬಳ್ಳಿ ದವಾಖಾನಿಗೆ ಕಳಸ್ರಿ."

ಕಳಿಸಲಿಲ್ಲ. ನಾನೇ ಬಸ್ ಹತ್ತಿಸಿಕೊಂಡು ಹೋದೆ. ತಲೆಯ ಬಲಭಾಗದಲ್ಲಿ ಗಡ್ಡೆ ಬೆಳೆದಿದೆ, ಎಡಗೈಯನ್ನು ಕುಣಿಸುವುದು ಅದೇ ಎಂದರು ಡಾಕ್ಟರು. ತಲೆ ತೆರೆದು ತೆಗೆದರು. ಕೈ ಸುಮ್ಮನಾಯಿತು. ಅವಳು ಮತ್ತೆ ಮದುವೆಮನೆಗಳಿಗೆ ಹೋದಳು.

ಕೆಲವು ವರ್ಷಗಳ ಮೇಲೆ ಬೆರಳು ಮತ್ತೆ ಅಲುಗಿದವು. ಈ ಸಲ ಅವಳು ಯಾರನ್ನೂ ಕೇಳಲಿಲ್ಲ, ತಾನೇ ಸೀರೆ ಬದಲಿಸಿ ಬಸ್ ಸ್ಟ್ಯಾಂಡಿಗೆ ನಡೆದಳು. ಆದರೆ ಗಡ್ಡೆ ಆಳಕ್ಕೆ ಇಳಿದಿತ್ತು. ಅವಳು ತಿರುಗಿ ಬರಲಿಲ್ಲ...

ನಾನೇ ದೇವಿಯನ್ನು ಓಡಿಸಿ ಅವಳ ಸೊಸೆಯನ್ನು ಕೊಂದೆ ಎಂದು ಮುದುಕಿ ತಾನು ಸಾಯುವತನಕ ನನ್ನ ಸಂಗಡ ಮಾತಾಡಲಿಲ್ಲ. ಬೇಡ. ನಾನು ಮಾಡಿದ್ದು ಸರಿ. ಇವತ್ತಾದರೂ ಅದನ್ನೇ ಮಾಡುತ್ತೇನೆ. ಆ ನಡುವಿನ ವರ್ಷಗಳಲ್ಲಿ ಅವಳು ಮೊಮ್ಮಗನನ್ನು ಎರಡೂ ಕೈಯಿಂದ ಎತ್ತಿ ಆಡಿಸಿದಳು, ನಾನು ಕಣ್ಣಾರೆ ಕಂಡೆ. ಅಷ್ಟು ಸಾಕಾಯಿತೇ ಎಂದರೆ, ಇಲ್ಲ. ಅವಳಿಗೂ ಸಾಲಲಿಲ್ಲ, ನನಗೂ ಸಾಲಲಿಲ್ಲ.